ಕ್ಷೌರದ ಕಲ್ಲು

ಆಶ್ರಮದ ಮುಂದೆ ಹೊಳೆ. ಹೊಳೆಯ ಮೆಟ್ಟಿಲ ಬಳಿ ಹೊಂಗೆಮರ. ಮರದ ಕೆಳಗೆ ಕ್ಷೌರದ ಕಲ್ಲು. ದರ್ಶನಕ್ಕೆ ಬರುವವರು ಮೊದಲು ಅದರ ಮೇಲೆ ಕೂತು ಗಡ್ಡ ತೆಗೆಸಿ, ಆಮೇಲೆ ಮೀಯುವುದು ವಾಡಿಕೆ.

ಹಳೆಯ ಕ್ಷೌರಿಕನಿಗೆ ಕಣ್ಣು ಮಂಜಾಗಿತ್ತು. ಗಡ್ಡದ ಜೊತೆ ಮೀಸೆಯೂ ಹೋಗತೊಡಗಿದಾಗ ಅವನೇ ಕೈಮುಗಿದು ಮಗಳ ಊರಿಗೆ ಹೊರಟ. ಅವನ ಜಾಗಕ್ಕೆ ಗುರುಗಳು ದುರುಗಪ್ಪನನ್ನು ಕರೆದರು.

ದುರುಗಪ್ಪ ಕುಡಿದ ಜಗಳದಲ್ಲಿ ಒಬ್ಬನಿಗೆ ಚೂರಿ ಹಾಕಿ ಜೈಲು ಕಂಡವನು. ಶಿಕ್ಷೆ ಮುಗಿಸಿ ಬಂದಿದ್ದ. ಕ್ಷೌರ ಕಲಿತದ್ದು ಒಳಗೇ.

"ಅವನಿಗೆ ಆಸರೆಯಾಗಿರು," ಎಂದರು ಗುರುಗಳು, ಶಿಷ್ಯ ಷಡಕ್ಷರಿಗೆ.

ಷಡಕ್ಷರಿ ಬಂದು ಕಲ್ಲಿನ ಪಕ್ಕದಲ್ಲೇ ನಿಂತುಕೊಂಡ.

ಮೊದಲು ಬಂದವರು ಒಬ್ಬ ಎಣ್ಣೆ ವ್ಯಾಪಾರಿ. ಕೂತರು, ಕೊರಳೆತ್ತಿದರು, ಕಣ್ಣು ಮುಚ್ಚಿದರು. ದುರುಗಪ್ಪ ನೊರೆ ಹಚ್ಚಿದ.

"ಯಜಮಾನರೇ, ಏನೂ ಹೆದರಬೇಡಿ," ಎಂದ ಷಡಕ್ಷರಿ, ತುಂಬು ಕರುಣೆಯಿಂದ. "ಇವರು ಈಗ ಪೂರ್ತಿ ಸುಧಾರಿಸಿದ್ದಾರೆ."

ವ್ಯಾಪಾರಿ ಒಂದು ಕಣ್ಣು ತೆರೆದರು. "ಏನಾಗಿತ್ತು? ಜ್ವರವಾ?"

"ಅಲ್ಲ, ಚೂರಿ. ಅದೆಲ್ಲ ಹಳೇದು ಬಿಡಿ."

ವ್ಯಾಪಾರಿ ನೊರೆಯ ಸಮೇತ ಹೊಳೆಗೆ ಧುಮುಕಿದರು. ಎದ್ದದ್ದು ಆಚೆ ದಡದಲ್ಲಿ.

ಆಮೇಲೆ ಬಂದ ಮೇಷ್ಟ್ರಿಗೆ ಷಡಕ್ಷರಿ ಇನ್ನೂ ವಿವರವಾಗಿ ಹೇಳಿದ. ಕ್ಷಮೆಗಿಂತ ದೊಡ್ಡ ಗುಣವಿಲ್ಲ ಎಂದು ಮೇಷ್ಟ್ರು ಒಪ್ಪಿದರು. ಒಪ್ಪಿ, ಮನೆಯಲ್ಲಿ ಹಾಲು ಉಕ್ಕುತ್ತಿರಬಹುದು ಎಂದು ಎದ್ದು ಹೋದರು.

ಅವತ್ತು ಕತ್ತಿಗೆ ಒಂದು ಕೂದಲೂ ಸಿಗಲಿಲ್ಲ. ಮರುದಿನವೂ ಇಲ್ಲ.

ಸಂಜೆ ದುರುಗಪ್ಪ ಬಂದು ಗುರುಗಳಿಗೆ ಅಡ್ಡಬಿದ್ದ. "ಬುದ್ಧೀ, ನಾಳೆ ದೋಣಿಗೆ ಹೊರಡ್ತೀನಿ."

"ಎಲ್ಲಿಗಪ್ಪಾ?"

"ಯಾರಿಗೆ ಗೊತ್ತು. ಒಳಗೇ ವಾಸಿಯಿತ್ತು ಬುದ್ಧೀ. ಎಂಥೆಂಥ ಕೊಲೆಗಾರರು ನನಗೆ ಕೊರಳು ಕೊಟ್ಟು ಗೊರಕೆ ಹೊಡೀತಿದ್ರು. ಇಲ್ಲಿ ಸಜ್ಜನರ ಕಾಟ."

"ಊಟ ಮುಗಿಸಿಕೊಂಡು ಮಧ್ಯಾಹ್ನದ ದೋಣಿ ಹಿಡಿ," ಎಂದರು ಗುರುಗಳು.

ಅವನು ಹೋದಮೇಲೆ ಷಡಕ್ಷರಿ ನಿಟ್ಟುಸಿರಿಟ್ಟ. "ಜನಕ್ಕೆ ಕರುಣೆಯೇ ಇಲ್ಲ ಗುರುಗಳೇ. ನೀವು ಒಂದು ಸಲ ಆ ಕಲ್ಲಿನ ಮೇಲೆ ಕೂತರೆ ಎಲ್ಲರಿಗೂ ಧೈರ್ಯ ಬರುತ್ತೆ."

"ನಾನು ಕೂತು ಏನು ಬಂತು? ನನ್ನ ಕೊರಳು ಕುಯ್ದರೂ ಗದ್ದುಗೆ ಕಟ್ಟಿ ಕಾಯಿ ಒಡೀತಾರೆ. ಇರಲಿ, ನಾಳೆ ಅಡುಗೆ ಯಾರದು?"

"ನನ್ನದೇ."

"ಒಳ್ಳೇದಾಯ್ತು."

ಮರುದಿನ ಪಂಕ್ತಿ ಕೂತಿತು. ಷಡಕ್ಷರಿಯ ಸಾರಿನ ಘಮಕ್ಕೆ ಎಲೆಯ ಮುಂದೆ ಕೂತವರೆಲ್ಲ ಮಾತು ನಿಲ್ಲಿಸಿದ್ದರು. ಅನ್ನ ಕಲಸುವ ಹೊತ್ತಿಗೆ ಗುರುಗಳು ನಡುವೆ ಬಂದು ಕೈಮುಗಿದು ನಿಂತರು.

"ಎಲ್ಲರೂ ಧೈರ್ಯವಾಗಿ ಊಟ ಮಾಡಿ. ಇವತ್ತಿನ ಸಾರಿಗೆ ಹಲ್ಲಿ ಬಿದ್ದಿಲ್ಲ."

ತುತ್ತು ಎತ್ತಿದ್ದ ಕೈಗಳು ಅಲ್ಲಲ್ಲೇ ನಿಂತವು.

"ಹಾಗಾದ್ರೆ ಯಾವತ್ತು ಬಿದ್ದಿತ್ತು ಬುದ್ಧೀ?" ಎಂದಳು ಒಬ್ಬ ಅಜ್ಜಿ.

"ಈಗ್ಯಾಕೆ ತಾಯಿ ಆ ಮಾತು. ಷಡಕ್ಷರಿ ಈಗ ಮುಚ್ಚಳ ಹಾಕ್ತಾನೆ."

ಒಬ್ಬರಿಗೆ ಏಕಾದಶಿ ನೆನಪಾಯಿತು. ಇನ್ನೊಬ್ಬರಿಗೆ ಹಸಿವೇ ಇರಲಿಲ್ಲವಂತೆ. ಪಂಕ್ತಿ ಎದ್ದುಹೋಯಿತು. ಉಳಿದವನು ದುರುಗಪ್ಪ ಒಬ್ಬನೇ. ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಿದ್ದ.

"ಒಳಗೆ ಹಲ್ಲಿ ಬಿದ್ದದ್ದನ್ನೂ ಉಂಡಿದ್ದೀನಿ ಅಯ್ನೋರೇ," ಎಂದು ಸಮಾಧಾನ ಹೇಳಿದ. "ಇದು ಅದಕ್ಕಿಂತ ಬೋ ಚೆನ್ನಾಗದೆ."

ಷಡಕ್ಷರಿಯ ಕಣ್ಣಲ್ಲಿ ನೀರು. "ಗುರುಗಳೇ, ಇದೇನು ಮಾಡಿದಿರಿ! ಒಂದು ಸಲ ಹಲ್ಲಿ ಬಿದ್ದಿದ್ದು ನಿಜ. ಆದರೆ ಇವತ್ತು ಬಿದ್ದಿಲ್ಲವಲ್ಲ!"

"ನಾನೂ ಅದನ್ನೇ ತಾನೆ ಹೇಳಿದ್ದು?"

ದುರುಗಪ್ಪ ಉಂಡು ಎದ್ದುಹೋಗುವವರೆಗೂ ಷಡಕ್ಷರಿ ಮಿಕ್ಕ ಸಾರನ್ನು ಸೌಟಿನಲ್ಲಿ ಕಲಕುತ್ತಲೇ ಇದ್ದ. ಆಮೇಲೆ ಸೌಟು ಇಟ್ಟು ಹೊಳೆಯ ಕಡೆ ಓಡಿದ.

ಊಟ ಮುಗಿಸಿ ಬಂದಿದ್ದ ದುರುಗಪ್ಪ ಗಂಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ದೋಣಿ ದಡಕ್ಕೆ ತಾಗಿ ಜನ ಇಳಿಯುತ್ತಿದ್ದರು.

"ದುರುಗಪ್ಪಾ, ಗಂಟು ಬಿಚ್ಚು," ಎಂದು ಷಡಕ್ಷರಿ ಕಲ್ಲಿನ ಮೇಲೆ ಕೂತ. ಅವನ ಗಡ್ಡವೂ ಹುಲುಸಾಗಿಯೇ ಬೆಳೆದಿತ್ತು. ಇಷ್ಟು ದಿನ ಅದನ್ನು ವ್ರತ ಅನ್ನುತ್ತಿದ್ದ.

ದುರುಗಪ್ಪ ದೋಣಿಯನ್ನು ನೋಡಿದ, ಗಡ್ಡವನ್ನು ನೋಡಿದ. ಗಂಟು ಬಿಚ್ಚಿ, ನೊರೆ ಹಚ್ಚಿ, ಕತ್ತಿ ಎತ್ತಿದ.

"ಮಂತ್ರ ನಿಲ್ಸಿ ಅಯ್ನೋರೇ, ಗದ್ದ ಅಲ್ಲಾಡ್ತದೆ."

"ಮಂತ್ರ ಅಲ್ಲ ಕಣಪ್ಪಾ. ಗದ್ದ ತಾನಾಗೇ ಅಲ್ಲಾಡ್ತಿದೆ."

"ಬಿಟ್ಬಿಡ್ಲಾ?"

ಷಡಕ್ಷರಿ ಎರಡೂ ಕೈಯಲ್ಲಿ ಕಲ್ಲನ್ನು ಅವುಚಿಕೊಂಡ. "ಬಿಡಬೇಡ. ನಡುಗೋದು ನಿಂತಾಗೆಲ್ಲ ಒಂದಿಷ್ಟು ತೆಗಿ."

ದುರುಗಪ್ಪ ನಕ್ಕ. ಆಶ್ರಮಕ್ಕೆ ಬಂದಮೇಲೆ ಅವನು ನಕ್ಕದ್ದು ಅದೇ ಮೊದಲು. ಗದ್ದ ನಿಂತಾಗ ಕತ್ತಿ ಆಡಿತು, ನಡುಗಿದಾಗ ಕಾಯಿತು. ಒಂದು ಕೆನ್ನೆ ನುಣ್ಣಗಾಯಿತು.

ಇಳಿದವರು ಸುತ್ತ ನೆರೆದರು. ಯಾರೋ ಪಿಸುಗುಟ್ಟಿದರು: "ಇವನೇ ಅಲ್ವಾ ಆ ಜೈಲಿನವನು?"

ಅಭ್ಯಾಸಬಲದಿಂದ ಷಡಕ್ಷರಿಯ ಬಾಯಿ ತೆರೆಯಿತು. ಕತ್ತಿ ತಟ್ಟನೆ ನಿಂತಿತು. ಅವನು ಬಾಯಿ ಮುಚ್ಚಿ, ಮರದ ಬಳಿ ಬಂದಿದ್ದ ಗುರುಗಳತ್ತ ಅರ್ಧ ನೊರೆಯ ಮುಖ ಹೊರಳಿಸಿದ.

"ಗುರುಗಳೇ, ಇವರಿಗೆಲ್ಲ ಏನು ಹೇಳಲಿ?"

ಗುರುಗಳು ಹೆಗಲ ವಸ್ತ್ರ ತೆಗೆದು ಪಕ್ಕದ ಮೆಟ್ಟಿಲಿನ ಧೂಳು ಒರೆಸಿ, ಕಾಯುವವರಿಗೆ ಜಾಗ ಮಾಡಿದರು.

"ಮುಂದಿನವರು ಯಾರು ಅಂತ ಕೇಳು."