ಹೋಗಲೊಲ್ಲದ ಅಮ್ಮ

“ಗುರುಗಳೇ, ಹೆದರಿಕೆಯಿಂದ ನುಂಗಿಕೊಂಡ ಸಿಟ್ಟನ್ನು ಶಾಂತಿ ಎನ್ನಬಹುದೇ?”

ಕೇಳಿದವನು ಈರಬಸಪ್ಪ. ಸಂಸಾರಿ. ಹನ್ನೊಂದು ದಿನದ ಸೇವೆಗೆಂದು ಮಠಕ್ಕೆ ಬಂದಿದ್ದ. “ಇಲ್ಲಿ ನಿಮ್ಮ ಹೆದರಿಕೆಗೆ ನನ್ನ ಮಾತು ಮೆತ್ತಗಿದೆ. ಮನೆಯಲ್ಲಿ ಮಗಳು ಒಂದು ಲೋಟ ಉರುಳಿಸಿದರೂ ಸೂರು ಹಾರುವಂತೆ ಕೂಗುತ್ತೇನೆ. ನಾಳೆ ಊರಿಗೆ ಹೊರಡಬೇಕು. ಅದಕ್ಕೇ ಕೇಳಿದೆ,” ಎಂದ.

ಗುರುಗಳು ಒಂದು ಕತೆ ಹೇಳಿದರು. ಅವರು ಯಾವ ಕತೆಯನ್ನೂ ಎರಡು ಸಲ ಒಂದೇ ರೀತಿ ಹೇಳಿದವರಲ್ಲ. ಹಾಗೆಂದು ಸುಳ್ಳು ಹೇಳಿದವರೂ ಅಲ್ಲ. ಹಾಗಂತ ಅವರೇ ಹೇಳಿಕೊಳ್ಳುತ್ತಿದ್ದರು.

ಒಬ್ಬ ಕುಂಬಾರನಿದ್ದ. ಹೋದ ವರ್ಷ ಇದೇ ಕತೆಯಲ್ಲಿ ಅವನನ್ನು ನೇಕಾರ ಎಂದಿದ್ದೆನಂತೆ. ಈ ಸಲ ಕುಂಬಾರನೇ ಇರಲಿ, ಕತೆಗೆ ಕೆಮ್ಮಣ್ಣು ಬೇಕಾಗುತ್ತದೆ.

ಅವನ ಕೈ ಮೆತ್ತಗೆ, ಬಾಯಿ ಜೋರು. ಮಡಕೆ ಬಿರುಕು ಬಿಟ್ಟರೆ ಹೆಂಡತಿಗೆ ಬೈಗುಳ. ಬಿರುಕು ಬಿಡದಿದ್ದರೆ, ಯಾಕೆ ತಡವಾಗಿ ಒಣಗಿತೆಂದು ಬೈಗುಳ. ಅವನು ಕೂಗಿದರೆ ಓಣಿಯ ಕೊನೆಯ ಮನೆಯವರಿಗೆ ಇವತ್ತು ಸಾರಿಗೆ ಉಪ್ಪು ಹೆಚ್ಚಾಗಿದೆ ಎಂಬುದು ತಿಳಿಯುತ್ತಿತ್ತು. ಹೆಂಡತಿ ಎದುರು ಮಾತಾಡುತ್ತಿರಲಿಲ್ಲ. ನಗುತ್ತಲೂ ಇರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಏಳು ವರ್ಷ. ಎಂಟು ಎಂದುಕೊಂಡರೂ ನನ್ನ ಗಂಟೇನೂ ಹೋಗುವುದಿಲ್ಲ.

ಒಂದು ಬೇಸಿಗೆಯಲ್ಲಿ ಆ ಮಗುವಿಗೆ ಸೀತಾಳೆ ಸಿಡುಬು ಎದ್ದಿತು. ಕುಂಬಾರನ ತಾಯಿ ನೋಡಿ ಕೈಮುಗಿದಳು. “ಮನೆಗೆ ಅಮ್ಮ ಬಂದಿದ್ದಾಳೆ,” ಎಂದಳು. ಆ ಕ್ಷಣದಿಂದ ಮನೆ ಮುದುಕಿಯ ಆಳ್ವಿಕೆಗೆ ಬಂತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಒಗ್ಗರಣೆ ನಿಲ್ಲಿಸಿದಳು. ಮಗುವನ್ನು ಬೇವಿನೆಲೆಯ ಮೇಲೆ ಹಳೆಯ ಪಂಚೆ ಹಾಸಿ ಮಲಗಿಸಿದಳು. ತುರಿಕೆಯಾದರೆ ಉಗುರು ತಾಗಿಸಬಾರದು, ಬೇವಿನ ಕಡ್ಡಿಯಿಂದ ಸವರಬೇಕು. ಊಟಕ್ಕೆ ಗಂಜಿ, ಮೊಸರನ್ನ, ಎಳನೀರು.

ಕೊನೆಗೆ ಮಗನ ಕಡೆ ತಿರುಗಿದಳು. “ಅಮ್ಮ ಹೋಗುವ ತನಕ ಈ ಮನೆಯಲ್ಲಿ ಯಾರೂ ದನಿ ಏರಿಸಬಾರದು. ತಾಯಿ ಮುನಿದರೆ ಮಗುವಿನ ಕಣ್ಣಿಗೇ ಬರುತ್ತಾಳೆ. ಕೇಳಿಸಿತೇನೋ?”

ಕೇಳಿಸಿತು. ಮೊದಲ ದಿನವೇ ಹೆಂಡತಿ ಹಸಿ ಮಡಕೆಯೊಂದನ್ನು ತುಳಿದಳು. ಕುಂಬಾರ ಬಾಯಿ ತೆರೆದ. ಬಾಗಿಲ ಬೇವು ಕಣ್ಣಿಗೆ ಬಿತ್ತು. ಆಕಳಿಸಿದಂತೆ ಮಾಡಿ ಬಾಯಿ ಮುಚ್ಚಿಕೊಂಡ. ಅವತ್ತು ಅವನು ಹದಿನೇಳು ಸಲ ಆಕಳಿಸಿದ. ಎಣಿಸಿದವನು ನಾನೇ.

ಮಗುವಿನ ಮುಂದೆ ಕೂತು “ಏನು ಬೇಕು ತಾಯಿ?” ಎಂದು ಕೇಳುವುದನ್ನೂ ಕಲಿತ. ಆ ಮೆತ್ತನೆಯ ದನಿ ಬಾಯಿಗೆ ಹತ್ತಿ, ಹೆಂಡತಿಯೊಂದಿಗೂ ಹಾಗೇ ಮಾತಾಡಿದ. ಆರನೆಯ ದಿನ ಅವಳು ಗಂಜಿ ಆರಿಸುತ್ತಾ ಏನೋ ಹೇಳಿ ನಕ್ಕಳು. ಮಗು ತಲೆ ಎತ್ತಿ ನೋಡಿತು. ಅವ್ವನ ಆ ಮುಖವನ್ನು ಅದು ಕಂಡಿರಲಿಲ್ಲ.

ಒಂಬತ್ತನೆಯ ದಿನಕ್ಕೆ ಗುಳ್ಳೆಗಳು ಒಣಗಿ ಹಕ್ಕಳೆ ಉದುರುತ್ತಿದ್ದವು. ಇನ್ನು ಬೇವು, ಅರಿಸಿನದ ನೀರು ಹಾಕಿದರೆ ಅಮ್ಮ ಹೋದಂತೆ. ಮುದುಕಿ ಬೆಳಿಗ್ಗೆ ನೀರು ಕಾಯಲಿಟ್ಟು ಬಂದು ನೋಡಿದರೆ, ಮಗುವಿನ ಮುಖದ ಮೇಲೆ, ತೋಳಿನ ಮೇಲೆ ಕೆಂಪು ಚುಕ್ಕೆಗಳು. ಮುದುಕಿಯ ಕಣ್ಣು ಮಂಜು. ಅಮ್ಮ ಬಂದ ಮುಖವನ್ನು ದಿಟ್ಟಿಸಿ ನೋಡುವ ಧೈರ್ಯ ಉಳಿದವರಿಗಿಲ್ಲ. ಮತ್ತೆ ಕೈಮುಗಿದಳು. “ತಾಯಿಗೆ ಹೋಗುವ ಮನಸ್ಸಿಲ್ಲ,” ಎಂದಳು. ಕಾಯಿಸಿದ ನೀರು ಪಾತ್ರೆ ತೊಳೆಯಲು ಹೋಯಿತು.

ಹನ್ನೆರಡನೆಯ ದಿನವೂ ಅದೇ. ಹದಿನೈದನೆಯ ದಿನವೂ ಅದೇ. ಜ್ವರವಿಲ್ಲ, ನಿತ್ರಾಣವಿಲ್ಲ. ಮಗು ಎರಡು ಬಟ್ಟಲು ಗಂಜಿ ಕುಡಿಯುತ್ತದೆ, ಚುಕ್ಕೆ ಮಾತ್ರ ಮಾಯುವುದಿಲ್ಲ. ಮುದುಕಿಗೆ ಯೋಚನೆ ಹತ್ತಿತು. “ನಾಳೆ ಅಂಗಿ ತೆಗೆಸಿ ಬೆನ್ನು ನೋಡುತ್ತೇನೆ. ಬೆನ್ನು ಬರಿದಾಗಿದ್ದರೆ ನೀರು ಹಾಕಿಬಿಡುವುದೇ,” ಎಂದಳು.

ಮರುದಿನ ಬೆಳಿಗ್ಗೆ ಕುಂಬಾರ ಹೂಜಿಗಳಿಗೆ ಕೆಮ್ಮಣ್ಣು ಬಳಿಯಲು ಹೋದ. ಕಲಸಿಟ್ಟ ಬಟ್ಟಲು ಇದ್ದ ಜಾಗದಲ್ಲಿ ಇರಲಿಲ್ಲ. ನೆಲದ ಮೇಲೆ ಕೆಂಪು ಹನಿಗಳು ಬಿದ್ದಿದ್ದವು. ಅವುಗಳ ಹಿಂದೆಯೇ ಹೋದ. ಮಡಕೆ ಸುಡುವ ಗೂಡಿನ ಮರೆಯಲ್ಲಿ ಮಗಳು ಕೂತಿದ್ದಳು. ಅಂಗಿ ತೆಗೆದಿಟ್ಟಿದ್ದಳು. ಮುಖದ ತುಂಬ ಚುಕ್ಕೆ ಇಟ್ಟು ಮುಗಿಸಿದ್ದಳು. ಈಗ ಬೇವಿನ ಕಡ್ಡಿಯನ್ನು ಕೆಮ್ಮಣ್ಣಿಗೆ ಅದ್ದಿ, ಕೈ ಹಿಂದಕ್ಕೆ ತಿರುಚಿ ಬೆನ್ನು ಮುಟ್ಟಲು ನೋಡುತ್ತಿದ್ದಳು. ಎಟಕುತ್ತಿರಲಿಲ್ಲ.

ಕುಂಬಾರನಿಗೆ ಎಲ್ಲವೂ ಅರ್ಥವಾಯಿತು. ಒಂದು ವಾರದಿಂದ ತನ್ನ ಮಡಕೆಯ ಬಣ್ಣಕ್ಕೇ ತಾನು ಕೈಮುಗಿಯುತ್ತಿದ್ದ. ಹದಿನೈದು ದಿನದ ಆಕಳಿಕೆಯೆಲ್ಲ ಒಟ್ಟಿಗೆ ಗಂಟಲಿಗೆ ಬಂತು.

“ಏನೇ ಇದು!”

ಮಗಳು ಬೆಚ್ಚಲಿಲ್ಲ. ತುಟಿಯ ಮೇಲೆ ಬೆರಳಿಟ್ಟಳು. “ಮೆಲ್ಲಗಪ್ಪಾ. ಅಮ್ಮ ಇನ್ನೂ ಹೋಗಿಲ್ಲ.”

“ಯಾವಾಗ ಹೋಗುತ್ತಾಳಂತೆ?”

ಮಗು ಸ್ವಲ್ಪ ಯೋಚಿಸಿತು. “ಅವ್ವನಿಗೆ ನಗುವುದು ರೂಢಿಯಾಗಲಿ. ಆಮೇಲೆ ಹೋಗುತ್ತಾಳೆ.”

ಒಳಗಿನಿಂದ ಮುದುಕಿ ಮಗುವನ್ನು ಕರೆಯುತ್ತಿದ್ದಳು. ಕುಂಬಾರ ಮಗಳ ಹಿಂದೆ ಕುಕ್ಕರುಗಾಲಲ್ಲಿ ಕೂತ. ಬಟ್ಟಲು ಹತ್ತಿರ ಎಳೆದುಕೊಂಡ. ಬೆರಳು ಅದ್ದಿ, ತನ್ನ ಒಂದು ಗೇಣಿನಷ್ಟೇ ಅಗಲದ ಅವಳ ಬೆನ್ನಿನ ಮೇಲೆ ಒಂದು ಚುಕ್ಕೆ ಇಟ್ಟ. ಇನ್ನೊಂದು ಇಟ್ಟ.

“ಅಷ್ಟು ಸಾಲಾಗಿ ಇಡಬೇಡಪ್ಪಾ,” ಎಂದಳು ಮಗಳು. “ಇದು ಹೂಜಿಯಲ್ಲ.”

ಅವನು ಸಾಲು ತಪ್ಪಿಸಿ ಇಟ್ಟ.

ಮುದುಕಿ ಬೆನ್ನು ನೋಡಿದಳು. ಒಂದು ಚುಕ್ಕೆಯನ್ನು ಮುಟ್ಟಿದಳು. ಬೆರಳಿಗೆ ಕೆಂಪು ಹತ್ತಿತು. ಮಗನ ಕೈಯನ್ನೂ ನೋಡಿದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡು, “ತಾಯಿ ಇನ್ನೂ ನಾಲ್ಕು ದಿನ ಇರಲಿ ಬಿಡು,” ಎಂದಳಂತೆ. ಅವಳು ಹಾಗೆ ಅನ್ನಲಿಲ್ಲ ಎನ್ನುವವರೂ ಇದ್ದಾರೆ. ಅವರ ಮಾತು ನಂಬಬೇಡಿ.

ಗುರುಗಳು ಕತೆ ನಿಲ್ಲಿಸಿದರು.

ಈರಬಸಪ್ಪ ಕೇಳಿದ: “ಅಲ್ಲ ಗುರುಗಳೇ, ಅಮ್ಮ ಹೋಗಿ ವಾರವಾಗಿತ್ತು. ಅದು ಅವನಿಗೂ ಗೊತ್ತಾಯಿತು. ಇನ್ನು ಹೆದರಲು ಯಾರೂ ಇರಲಿಲ್ಲ. ಅಷ್ಟು ಸಿಟ್ಟಿನವನು, ಬೆನ್ನ ಹಿಂದೆ ಕೂತು ಅದು ಹೇಗೆ ಕೂಗದೆ ಉಳಿದ?”

ಗುರುಗಳು ಹೇಳಿದರು: “ನಿನ್ನ ಮಗಳ ಬೆನ್ನು ಎಷ್ಟಗಲ ಇದೆ, ಯಾವತ್ತಾದರೂ ಗೇಣು ಹಾಕಿ ನೋಡಿದ್ದೀಯಾ?”