ಬಾವಿಯ ಆಮೆ ಮತ್ತು ಹೆಗ್ಗಣ

ಫಕೀರವ್ವನ ಓಣಿಯ ಬಾವಿಯಲ್ಲಿ ಒಂದು ಮುದಿ ಆಮೆ ಇತ್ತು. ಒಂದು ದಿನ ಹೆಗ್ಗಣವೊಂದು ಏದುಸಿರು ಬಿಡುತ್ತ ಬಾವಿಕಟ್ಟೆಗೆ ಬಂತು.

"ಆಮೆಯಣ್ಣ, ಕೊಡ ಇಳಿದಾಗ ಅದರಲ್ಲಿ ಕೂತು ಹೊರಗೆ ಬಂದುಬಿಡು. ಪಕ್ಕದ ಬಣ್ಣದ ಕಾರ್ಖಾನೆ ಕೆಡವಿ, ಅಪಾರ್ಟ್‌ಮೆಂಟ್ ಕಟ್ಟಲು ನೆಲ ಅಗೆದಿದ್ದಾರೆ. ಇಷ್ಟು ವರ್ಷ ಕಾಂಕ್ರೀಟಿನ ಕೆಳಗಿದ್ದ ವಿಷದ ಮಣ್ಣು ಈಗ ಮೇಲೆ ರಾಶಿ ಬಿದ್ದಿದೆ. ಅದರಲ್ಲಿ ಆಡಿದ ನನ್ನ ಮರಿಗಳು ಸತ್ತವು."

"ಅದು ಅಲ್ಲಿದೆ, ನಾನು ಇಲ್ಲಿದ್ದೇನೆ. ಮಳೆ ಬಂದರೂ ನೀರು ಕಾಲುವೆ ಹಿಡಿದು ಹೋಗುತ್ತದೆ," ಎಂದಿತು ಆಮೆ.

"ಕಾಲುವೆಯನ್ನೇ ಮುಚ್ಚಿಬಿಟ್ಟರಣ್ಣ. ನೀರಿಗೆ ಇನ್ನು ಈ ಓಣಿಯೇ ದಾರಿ!" ಎನ್ನುತ್ತ ಹೆಗ್ಗಣ ಓಡಿಹೋಯಿತು.

ಮೂರನೆಯ ದಿನ ಮಳೆ ಹೊಡೆಯಿತು. ನೇರಳೆ ಬಣ್ಣದ ನೀರು ಓಣಿ ತುಂಬಿ, ಕಟ್ಟೆ ದಾಟಿ ಬಾವಿಗೆ ಧುಮುಕಿತು. ಆಮೆಯ ಕಣ್ಣು ಉರಿಯಿತು, ಗಂಟಲು ಕಟ್ಟಿತು. ಬಾವಿ ತುಂಬಿ ಉಕ್ಕುತ್ತಿದ್ದಂತೆ, ಭಯದಿಂದ ಕೈಕಾಲು ಬಡಿಯುತ್ತ ಅದು ಹೊರಗೆ ತೇಲಿ ಬಂದು ಕೆಸರಿನಲ್ಲಿ ಬಿತ್ತು.

ನೆರೆ ಇಳಿಯಿತು. ಎರಡು ದಿನಗಳಲ್ಲಿ ಬಣ್ಣವೂ ತಳ ಸೇರಿ ಬಾವಿಯ ನೀರು ತಿಳಿಯಾಗಿ ಕಂಡಿತು. ಕೊಡ ಹಿಡಿದು ಬಂದ ಫಕೀರವ್ವ ಕೆಸರಿನಲ್ಲಿದ್ದ ಆಮೆಯನ್ನು ನೋಡಿದಳು.

"ಅಯ್ಯ, ನಮ್ಮ ಬಾವಿ ಆಮಿ! ನಡಿಯವ್ವ ನಿನ್ನ ಮನಿಗೆ. ನೀ ಇದ್ರ ನೀರು ಚೊಕ್ಕ ಇರ್ತೈತಿ."

"ತಾಯಿ, ಕುಡಿಯಬೇಡ! ನನ್ನನ್ನೂ ಅದರೊಳಗೆ ಬಿಡಬೇಡ!" ಎಂದು ಆಮೆ ಚೀರಿತು. ಅವಳಿಗೆ ಕೇಳಿಸಿದ್ದು ಬುಸುಗುಟ್ಟುವ ಸದ್ದು ಮಾತ್ರ. ಅದನ್ನು ಕೊಡದಲ್ಲಿ ಕೂರಿಸಿ ಮೆಲ್ಲಗೆ ಒಳಗೆ ಇಳಿಬಿಟ್ಟಳು.

ನೀರು ಮುಟ್ಟಿದ್ದೇ ತಡ, ಆಮೆ ಹಗ್ಗವನ್ನು ಕಚ್ಚಿ, ವಿಷದ ನೀರು ತುಂಬಿದ ಕೊಡ ಮೇಲೇಳದಂತೆ ತನ್ನೆಲ್ಲ ಭಾರ ಬಿಟ್ಟು ಜೋತುಬಿತ್ತು.

"ಮನಿ ಸೇರಿದ್ದಕ್ಕ ಎಷ್ಟು ಹಿಗ್ಗು ನೋಡ ಇದಕ್ಕ!" ಎಂದು ನಗುತ್ತ ಫಕೀರವ್ವ ಜೋರಾಗಿ ಹಗ್ಗ ಜಗ್ಗಿದಳು.