ಬಿಳಿರಾಯನ ಶಲ್ಯ ಕೆಂಪಾದದ್ದು

ಒಂದೂರಿತ್ತಂತೆ. ಆ ತುದಿಯಲ್ಲಿ ಒಬ್ಬ ಸೀನಿದರೆ ಈ ತುದಿಯಲ್ಲಿ ಇನ್ನೊಬ್ಬ ‘ನೂರು ವರ್ಷ ಬಾಳು’ ಅನ್ನುವಷ್ಟು ದೊಡ್ಡ ಊರು! ಅಂಥ ಊರಿಗೂ ಒಬ್ಬ ರಾಜ, ರಾಜನಿಗೊಬ್ಬಳು ರಾಣಿ, ಇಬ್ಬರಿಗೂ ಸೇರಿ ಒಂದು ಆನೆ. ರಾಜನ ಹೆಸರು ಬಿಳಿರಾಯ. ಪಂಚೆ ಬಿಳಿ, ಶಲ್ಯ ಬಿಳಿ, ಪೇಟ ಬಿಳಿ. ಒಗೆಯೋರು ಬೇರೆಯವರಾದರೆ ಬಿಳಿ ಉಡೋದಕ್ಕೆ ಕಷ್ಟ ಏನು ಹೇಳಿ? ಒಗೆಯುತ್ತಿದ್ದವಳು ಮಡಿವಾಳರ ಮಾಚಕ್ಕ.

ಒಂದು ಸಲ ಆನೆಗೆ ಹೊಟ್ಟೆನೋವು ಬಂತಂತೆ. ರಾಜ ಡಂಗುರ ಹೊಡೆಸಿದ.

“ಕೇಳ್ರಪ್ಪೋ ಕೇಳಿ! ಪಟ್ಟದಾನೆ ಹುಷಾರಾಗಲಿ ಅಂತ ನಾಳೆ ಊರಿಗೆಲ್ಲ ಉಪವಾಸ! ಒಂದಗುಳು ತಿಂದವರನ್ನೂ ಕತ್ತೆ ಮೇಲೆ ಹಿಂದುಮುಂದಾಗಿ ಕೂರಿಸಿ ಗಡಿ ದಾಟಿಸ್ತೀವೋ!”

ಹೊಟ್ಟೆ ಬಿರಿಯ ತಿಂದದ್ದು ಆನೆ, ಉಪವಾಸ ಊರಿಗೆ. ನ್ಯಾಯ ಹೆಂಗಿದೆ ನೋಡಿ.

ಮಾರನೇ ದಿನ ಯಾರ ಮನೆಯ ಮಾಡಿನ ಮೇಲೂ ಹೊಗೆ ಇಲ್ಲ. ಮಕ್ಕಳು ಅತ್ತು ಅತ್ತು ಸಾಕಾಗಿ ಮಲಗಿದವಂತೆ. ರಾಣಿ ಪುಟ್ಟಮ್ಮಣ್ಣಿಯೂ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಗೋಡೆಗೆ ಒರಗಿದ್ದಳಂತೆ. ಮತ್ತೆ ರಾಜ? ರಾಜ ಅಟ್ಟ ಹತ್ತಿದ್ದ. ಹಿಂದಿನ ದಿನವೇ ಹಿತಕಿದ ಅವರೆಕಾಳಿನ ಸಾರು, ನಾಲ್ಕು ಮುದ್ದೆ ತಂದು ಮಡಕೆಗಳ ಹಿಂದೆ ಬಚ್ಚಿಟ್ಟಿದ್ದನಂತೆ ಮಹಾನುಭಾವ! ಕತ್ತಲಲ್ಲಿ ಕೂತು ಮುದ್ದೆ ಮುರಿದ, ಅದ್ದಿದ, ನುಂಗಿದ. ಮುರಿದ, ಅದ್ದಿದ, ನುಂಗಿದ. ಸಾರು ಬೆರಳಿಂದ ಅಂಗೈಗೆ ಇಳಿಯಿತು, ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಶಲ್ಯಕ್ಕೆ. ಎದೆ ಮೇಲೆ ಅಂಗೈಯಗಲ ಹಳದಿ ಕಲೆ!

ಹಂಗೇ ಮಾಚಕ್ಕನಿಗೆ ಕೊಡೋಣ ಅಂದರೆ, ಅವಳ ಕಣ್ಣಿಗೆ ಬಟ್ಟೆ ಬಿದ್ದರೆ ಮುಗೀತು. ಯಾರು ಯಾವತ್ತು ಏನುಂಡರು ಅಂತ ಒಂದೇ ನೋಟಕ್ಕೆ ಹೇಳುವ ಹೆಂಗಸು ಅವಳು. ಅದಕ್ಕೆ ರಾಜ ತಾನೇ ಒಗೆಯೋಕೆ ಬಚ್ಚಲಿಗೆ ಹೋದನಂತೆ. ಹುಟ್ಟಿದ ಮೇಲೆ ಕರ್ಚೀಪೂ ಒಗೆದವನಲ್ಲ!

ಮೊದಲು ಹಂಡೆಯಿಂದ ಕೊತಕೊತ ಕುದಿಯುವ ನೀರು ಸುರಿದ. ಕಲೆ ಇನ್ನೂ ಭದ್ರವಾಗಿ ಕೂತಿತು. ರಾಜನಿಗೆ ಸಿಟ್ಟು ಬಂತಂತೆ. ಎಂಥಾ ಸಿಟ್ಟು? ಮೀಸೆ ಮೇಲೆ ಹಪ್ಪಳ ಸುಡಬಹುದಾದಂಥ ಸಿಟ್ಟು! ಕಲ್ಲು ತಗೊಂಡು ಉಜ್ಜಿದ. ಅಂಗೈಯಗಲ ಇದ್ದದ್ದು ಊಟದೆಲೆಯಗಲ ಆಯಿತು. ಆಗ ಎಲೆಯಡಿಕೆ ಚೀಲದಲ್ಲಿದ್ದ ಸುಣ್ಣದ ಡಬ್ಬಿ ಕಣ್ಣಿಗೆ ಬಿತ್ತು. “ಅರೆ! ಅರಮನೆ ಗೋಡೆನೇ ಬೆಳ್ಳಗೆ ಮಾಡೋ ಸುಣ್ಣ ಒಂದು ಬಟ್ಟೆ ಬೆಳ್ಳಗೆ ಮಾಡಲ್ವಾ?” ಅಂತ ಡಬ್ಬಿಯಲ್ಲಿದ್ದದ್ದನ್ನೆಲ್ಲ ಬಳಿದನಂತೆ.

ಶಲ್ಯ ರಕ್ತದ ಹಾಗೆ ಕೆಂಪಾಯಿತು!

ರಾಜ ಬಚ್ಚಲಲ್ಲೇ ಕುಕ್ಕರಿಸಿದ. ಬುದ್ಧಿ ಓಡಲಿಲ್ಲ, ಕುಯುಕ್ತಿ ಓಡಿತು. ಶಲ್ಯವನ್ನು ಮೈಲಿಗೆ ಗಂಟಿಗೆ ತುರುಕಿ ಮಾಚಕ್ಕನ ಮನೆಗೆ ಕಳಿಸಿದ. ಅವಳು ಗಂಟು ಇಳಿಸಿಕೊಂಡು ಉಸಿರು ಬಿಡುವ ಮೊದಲೇ ಭಟರನ್ನು ಅಟ್ಟಿದ. ಗಂಟನ್ನೂ ಎಳಕೊಂಡು ಬಂದರು, ಮಾಚಕ್ಕನನ್ನೂ ಎಳಕೊಂಡು ಬಂದರು, ಅವಳ ಕತ್ತೆಯನ್ನೂ ಎಳಕೊಂಡು ಬಂದರು.

ಅರಮನೆ ಮುಂದೆ ಊರೇ ಸೇರಿತ್ತು. ಎಲ್ಲರೂ ಹಸಿದವರು, ಎಲ್ಲರಿಗೂ ಸಿಟ್ಟು. ರಾಜ ಎತ್ತರದ ಮೆಟ್ಟಿಲ ಮೇಲೆ ನಿಂತು ಶಲ್ಯ ಹಿಡಿದು ಕೂಗಿದನಂತೆ:

“ನೋಡಿ! ಉಪವಾಸದ ದಿನ ಇವಳು ಕೋಳಿ ಕೊಯ್ದು ನನ್ನ ಶಲ್ಯಕ್ಕೆ ಕೈ ಒರೆಸಿದಾಳೆ! ಇವಳನ್ನ ಹೊತ್ತು ಮುಳುಗೋದರೊಳಗೆ ಗಡಿ ದಾಟಿಸಿ. ಗುಡಿಸಲು ಕೀಳಿ!”

ಮಾಚಕ್ಕನಿಗೆ ಸಿಟ್ಟು ಬಂತಂತೆ. ಎಂಥಾ ಸಿಟ್ಟು? ಹತ್ತಿರ ನಿಂತಿದ್ದ ಭಟ ಕೈಯಲ್ಲಿದ್ದ ಈಟಿಯನ್ನು ತನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡನಂತೆ!

“ಏನಂದ್ರಿ ಬುದ್ಧೀ? ಕೋಳಿನಾ? ನಾನು ಗಂಟು ಬಿಚ್ಚೇ ಇಲ್ಲ! ಈ ಊರ ಕೊಳೆಯೆಲ್ಲ ನನ್ನ ಕೈಮ್ಯಾಲೆ ಹೋಗ್ತದೆ. ಯಾರು ಎಲ್ಲಿ ಬಿದ್ರು, ಯಾರು ಏನು ಕದ್ದು ತಿಂದ್ರು, ಎಲ್ಲ ಗೊತ್ತು. ಒಂದಿನ ಬಾಯಿ ಬಿಟ್ಟಿದ್ದೀನಾ? ಬಾಯಿ ಮುಚ್ಕೊಂಡಿದ್ದಕ್ಕೆ ಇದಾ ಕೂಲಿ? ತನ್ನಿ ಇಲ್ಲಿ ಆ ಬಟ್ಟೆ, ನೋಡ್ತೀನಿ!”

“ಮುಟ್ಟಬೇಡ! ಯಾರೂ ಹತ್ತಿರ ಬರಬೇಡಿ!”

“ಯಾಕೆ? ಕೋಳಿ ಕಚ್ತದಾ?” ಅಂತ ಹಿಂದಿನಿಂದ ಯಾವನೋ ಕೂಗಿದ.

ಅಷ್ಟರಲ್ಲಿ ರಾಣಿ ಎದ್ದು ಬಂದಳು. ಅವಳಿಗೆ ಯಾರೂ ಅಡ್ಡ ಬರುವ ಹಾಗಿಲ್ಲವಲ್ಲ! ಶಲ್ಯ ಕಿತ್ತುಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಮೂಸಿದಳು. ಮತ್ತೊಂದು ಸಲ ಮೂಸಿದಳು. ಹಸಿದವಳ ಮೂಗು, ಕೇಳಬೇಕೇ? ಅವರೆಕಾಯಿ ಸೊಗಡು ಘಂ ಅಂತು!

“ಒಂದು ನಿಂಬೆಹಣ್ಣು ತನ್ನಿ.”

“ಯಾಕೆ ದೇವೀ? ಪಾನಕ ಕುಡಿಯೋ ಹಾಗಿಲ್ಲ, ಉಪವಾಸ...” ಅಂದನಂತೆ ರಾಜ, ತೊದಲುತ್ತಾ.

ನಿಂಬೆಹಣ್ಣು ಬಂತು. ರಾಣಿ ಅದನ್ನು ಶಲ್ಯದ ಮೇಲೆ ಹಿಂಡಿದಳು. ಹುಳಿ ಬಿದ್ದ ಕಡೆಯೆಲ್ಲ ಕೆಂಪು ಓಡಿಹೋಯಿತು, ಹಳದಿ ಬಂದು ಕೂತಿತು. ಗುಂಪಿನಲ್ಲಿದ್ದ ಹೆಂಗಸರೆಲ್ಲ ‘ಓಹೋ’ ಅಂದರು. ಗಂಡಸರು ಮುಖ ಮುಖ ನೋಡಿಕೊಂಡರು.

ರಾಣಿಗೆ ಸಿಟ್ಟು ಬಂತಂತೆ. ಎಂಥಾ ಸಿಟ್ಟು? ಅದನ್ನ ಹೇಳೋಕೆ ನನ್ನ ಕೈಲಾಗಲ್ಲ, ಅಂಥಾ ಸಿಟ್ಟು!

“ಹುಟ್ಟಿದಾಗಿಂದ ನಿಮ್ಮ ಮುಖಕ್ಕೆ ಆರತಿ ಎತ್ತಿದ್ದೇ ಎತ್ತಿದ್ದು! ಆ ನೀರು ಕೆಂಪಾಗೋದು ಹೆಂಗೆ ಅಂತ ಒಂದು ದಿನಾನಾದ್ರೂ ಕೇಳಿದ್ರಾ? ಅರಿಶಿನದ ನೀರಿಗೆ ಸುಣ್ಣ ಕಲಸ್ತೀವಿ, ಕೆಂಪಾಗತ್ತೆ! ಈ ಊರಲ್ಲಿ ಲಂಗ ಹಾಕೋ ಮಗುವಿಗೂ ಗೊತ್ತು! ಇದು ರಕ್ತ ಅಲ್ಲ, ಸಾರಿನ ಅರಿಶಿನ! ರಕ್ತ ಆಗಿದ್ರೆ ಇಷ್ಟು ಹೊತ್ತಿಗೆ ಒಣಗಿ ಕಂದು ಬಣ್ಣಕ್ಕೆ ತಿರುಗ್ತಿತ್ತು. ನಾನು ನೀರೂ ಮುಟ್ಟದೆ ಕೂತಿದ್ರೆ ನೀವು ಕದ್ದು ಕೂತು ಅವರೆಕಾಳು ಹಿಸುಕ್ತಾ ಇದ್ರಾ? ತಿಂದ್ರೆ ತಿಂದ್ರಿ, ಅದನ್ನ ಈ ಹೆಂಗಸಿನ ತಲೆಗೆ ಕಟ್ಟೋಕೆ ನಾಚಿಕೆ ಆಗಲಿಲ್ವಾ?”

“ಕಾಳು... ಮೊದಲೇ ಹಿಸುಕಿದ್ರು ದೇವೀ” ಅಂದನಂತೆ ರಾಜ.

ಜನ ಕೈಗೆ ಸಿಕ್ಕಿದ್ದು ಎತ್ತಿಕೊಂಡರು. “ಕತ್ತೆ ತನ್ರೋ! ಹಿಂದುಮುಂದಾಗಿ ಕೂರಿಸ್ರೋ!”

ಮಾಚಕ್ಕ ಕತ್ತೆಗೆ ಅಡ್ಡ ನಿಂತಳು. “ನನ್ನ ಕತ್ತೆ ಮೈಲಿಗೆ ಬಟ್ಟೆ ಹೊರ್ತದೆ, ಸುಳ್ಳುಬುರುಕನ್ನ ಹೊರಲ್ಲ! ಗಡಿ ಆಚೆ ಕಳಿಸಿದ್ರೆ ಅಲ್ಲೂ ಇನ್ಯಾರ ತಲೆಗೋ ಕಟ್ತಾನೆ. ಇಲ್ಲೇ ಇರ್ಲಿ. ಆದ್ರೆ ಇವತ್ತಿಂದ ಯಾವ ಕಲೆ, ಹೆಂಗಾಯ್ತು, ಯಾರು ಮಾಡಿದ್ದು ಅಂತ ಬಾಯ್ಬಿಟ್ಟು ಹೇಳ್ದೆ ಹೋದ್ರೆ ನಾನು ಗಂಟು ಮುಟ್ಟಲ್ಲ. ರಾಜನಾದ್ರೂ ಸರಿ, ರಾಜನ ಅಪ್ಪನಾದ್ರೂ ಸರಿ!”

ಅಷ್ಟು ಜನರ ಮುಂದೆ ಹೇಳಿಕೊಳ್ಳೋಕೆ ರಾಜನಿಗೆ ಬಾಯಿ ಬರಲಿಲ್ಲ. “ಬಟ್ಟೆ ಒಗೆಯೋದು ಏನು ಮಹಾ!” ಅಂತ ಸೆಡವು ತೋರಿಸಿ ಒಳಗೆ ಹೋದನಂತೆ.

ಏನು ಮಹಾ ಅಂತ ಆಮೇಲೆ ಗೊತ್ತಾಯಿತು! ರಾಣಿಯ ಹೊಸ ಕೆಂಪು ಸೀರೆಯನ್ನೂ ತನ್ನ ಬಿಳಿ ಪಂಚೆಗಳನ್ನೂ ಒಂದೇ ಕೊಪ್ಪರಿಗೆಯಲ್ಲಿ ನೆನೆಹಾಕಿದ. ಬಿಳಿರಾಯನ ಪಂಚೆಯೆಲ್ಲ ಗುಲಾಬಿ! ಉಳಿದದ್ದನ್ನು ಒಗೆದು, ಹಿಂಡಿ, ಒದ್ದೆಯಲ್ಲೇ ಗಂಟು ಕಟ್ಟಿಟ್ಟ. ಬಿಚ್ಚಿದರೆ ಮುಗ್ಗಲು ನಾತ, ಮೇಲೆ ಕರೀ ಚುಕ್ಕೆ. ಅದರಲ್ಲೂ ಉಳಿದದ್ದನ್ನು ತುಕ್ಕು ಹಿಡಿದ ಈಟಿಗೆ ನೇತುಹಾಕಿದ. ಬಟ್ಟೆಗೆ ಉದ್ದಕ್ಕೂ ತುಕ್ಕಿನ ಗೀರು. ಕಡೆಗೆ ಉಡೋಕೆ ಉಳಿದದ್ದು ಒಂದು ಕುರಿಕಂಬಳಿ. ಅಷ್ಟು ಹೊತ್ತಿಗೆ ಬೇಸಿಗೆ ಬೇರೆ ಬಂದಿತ್ತು. ರಾಜ ಕಂಬಳಿ ಸುತ್ತಿಕೊಂಡು, ಬೆವರುತ್ತಾ, ಕೆರೆದುಕೊಳ್ಳುತ್ತಾ ಕೂತು ನ್ಯಾಯ ಹೇಳಿದನಂತೆ!

ತಡೆಯಲಾರದೆ ಒಂದು ಬೆಳಗ್ಗೆ ತಾನೇ ಗಂಟು ಹೊತ್ತುಕೊಂಡು ಕೆರೆಗೆ ಹೋದ. ಕೆರೆ ತುಂಬ ಜನ. ಮಾಚಕ್ಕ ತಲೆ ಎತ್ತಲಿಲ್ಲ, ಕಲ್ಲಿನ ಮೇಲೆ ಬಟ್ಟೆ ಬಡೀತಾನೇ ಇದ್ದಳು.

“ಮಾಚಕ್ಕ, ಇದು ಸಾರಿನ ಕಲೆ” ಅಂದ ರಾಜ, ಮೀಸೆಯೊಳಗೇ.

“ಕೇಳಿಸ್ಲಿಲ್ಲ.”

“ಹಿತಕಿದ ಅವರೆಕಾಳಿನ ಸಾರು.”

“ಯಾರು ತಿಂದದ್ದು?”

ರಾಜ ಆ ಕಡೆ ನೋಡಿದ, ಈ ಕಡೆ ನೋಡಿದ. ಆಮೇಲೆ ಊರ ಆ ತುದಿಗೂ ಈ ತುದಿಗೂ ಕೇಳುವ ಹಾಗೆ ಕಿರುಚಿದನಂತೆ: “ನಾನೇ ತಿಂದೆ! ಊರನ್ನೆಲ್ಲ ಉಪವಾಸ ಕೆಡವಿ ನಾನು ತಿಂದೆ! ನಿನ್ನ ತಲೆಗೆ ಕಟ್ಟಿದ್ದು ನಾನೇ! ತಪ್ಪಾಯ್ತು ಕಣಮ್ಮ!”

ಮಾಚಕ್ಕ ಆಗ ತಲೆ ಎತ್ತಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಇದನ್ನ ಅವತ್ತೇ ಹೇಳಿದ್ರೆ ತಣ್ಣೀರಲ್ಲಿ ಅದ್ದಿ, ಸೀಗೆಪುಡಿ ಹಾಕಿ, ಸುಡೋ ಬಿಸಿಲಿಗೆ ಹರವ್ತಿದ್ದೆ. ಅರಿಶಿನಾನ ಬಿಸಿಲೇ ತಿಂದುಬಿಡ್ತದೆ. ಕುದಿನೀರು ಸುರಿದು ಕಲೆಗೆ ಮನೆ ಕಟ್ಕೊಟ್ರಲ್ಲ! ಹೊಸ ಬಣ್ಣದ ಸೀರೆನ ಯಾರಾದ್ರೂ ಬಿಳಿ ಜೊತೆ ಹಾಕ್ತಾರಾ? ಬಣ್ಣ ಬಿಡೋದು ನಿಲ್ಲೋವರೆಗೂ ಅದಕ್ಕೆ ಬೇರೆ ನೀರು, ಬೇರೆ ಹಗ್ಗ! ತುಕ್ಕಿಗೆ ನಿಂಬೆರಸ, ಉಪ್ಪು, ಬಿಸಿಲು. ಮುಗ್ಗಲಿಗೆ ಮದ್ದಿಲ್ಲ, ಒದ್ದೆ ಗಂಟು ಕಟ್ಟದೆ ಇರೋದೇ ಮದ್ದು. ಏನು ನಿಂತ್ಕೊಂಡು ನೋಡ್ತೀರಿ? ಆ ತುದಿ ಹಿಡೀರಿ, ಹಿಂಡಿ!”

ರಾಜ ತುದಿ ಹಿಡಿದು ಹಿಂಡಿದನಂತೆ. ಊರೆಲ್ಲ ನಿಂತು ನೋಡಿತಂತೆ.

ಆವತ್ತಿಂದ ಆ ಊರಲ್ಲಿ ಯಾರೇ ಗಂಟು ಕೊಡಲಿ, ‘ಇದು ಎಣ್ಣೆ, ಇದು ಸಾರು, ಇದು ನಾನೇ ಬಿದ್ದದ್ದು’ ಅಂತ ಹೇಳಿಯೇ ಕೊಡ್ತಾರಂತೆ. ರಾಜನೂ ಸಾಲಲ್ಲಿ ನಿಂತು ಹೇಳ್ತಿದ್ದನಂತೆ, ಗಟ್ಟಿಯಾಗಿ. ಮೆಲ್ಲಗೆ ಹೇಳಿದರೆ ಮಾಚಕ್ಕನಿಗೆ ಕೇಳಿಸುತ್ತಿರಲಿಲ್ಲವಲ್ಲ!

ಕಥೆ ಒಗೆದಿದ್ದೀನಿ, ಹಿಂಡಿದ್ದೀನಿ, ಹಗ್ಗಕ್ಕೆ ಹಾಕಿದ್ದೀನಿ. ಒಣಗಿದ ಮೇಲೆ ನಿಮ್ಮ ನಿಮ್ಮ ಪಾಲು ನೀವೇ ಮಡಚಿಕೊಂಡು ಮನೆಗೆ ಹೋಗಿ.